‘ಪುಟ ನೋಡಿ’ ಎಂದು ಬರೆದ ಕಡೆಯೆಲ್ಲ ಪುಟ ತಪ್ಪಿದೆ: ಪುಟಸಂಖ್ಯೆ, ಅಡ್ಡ ಉಲ್ಲೇಖಗಳ ಬಗ್ಗೆ ಸಹಾಯ ಬೇಕು

ಹೊಸಕರಡು

ಎಲ್ಲರಿಗೂ ನಮಸ್ಕಾರ. ಸುಮಾರು ಮುನ್ನೂರು ಪುಟದ ಪಠ್ಯಪುಸ್ತಕವೊಂದನ್ನು ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಕಟ್ಟುತ್ತಿದ್ದೇನೆ. ಹದಿನಾಲ್ಕು ಅಧ್ಯಾಯ, ಒಂದೊಂದಕ್ಕೂ ಬೇರೆ ಫೈಲು, ಎಲ್ಲವನ್ನೂ ಒಂದು ‘ಬುಕ್’ನಲ್ಲಿ ಸೇರಿಸಿದ್ದೇನೆ. ‘112ನೇ ಪುಟ ನೋಡಿ’ ಅನ್ನುವಂಥ ಸೂಚನೆಗಳು ಎಪ್ಪತ್ತಕ್ಕೂ ಹೆಚ್ಚಿವೆ. ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಿದ್ದೆ. ಎರಡನೇ ಕರಡು ತಿದ್ದಿ ಬಂದಾಗ ಮೂರನೇ ಅಧ್ಯಾಯಕ್ಕೆ ಎರಡು ಪುಟ ಹೆಚ್ಚಿತು. ಅಲ್ಲಿಂದಾಚೆಗಿನ ಸೂಚನೆಗಳೆಲ್ಲ ತಪ್ಪಿದವು. ಎರಡು ರಾತ್ರಿ ಕೂತು ಸರಿಮಾಡಿದೆ. ಅದರ ಮರುದಿನವೇ ಐದನೇ ಅಧ್ಯಾಯದಿಂದ ಒಂದು ದೊಡ್ಡ ಚಿತ್ರ ತೆಗೆಯಬೇಕಾಯಿತು. ಮತ್ತೆ ಅದೇ ಕೆಲಸ.

ಈಗ ಕ್ರಾಸ್ ರೆಫರೆನ್ಸ್ (ಗುರಿಯ ಪುಟ ಬದಲಾದರೆ ಸಂಖ್ಯೆಯೂ ಬದಲಾಗುವ ಅಡ್ಡ ಉಲ್ಲೇಖ) ಬಳಸೋಣ ಎಂದು ಕೂತಿದ್ದೇನೆ. ಕೆಲವಕ್ಕೆ ಹಳದಿ ತ್ರಿಕೋನ ಬರುತ್ತಿದೆ, ಕೆಲವಕ್ಕೆ ಕೆಂಪು ಬಾವುಟ. ಮುನ್ನುಡಿಯ ಪುಟಗಳಿಗೆ ರೋಮನ್ ಅಂಕಿ ಕೊಡಲು ಹೋದರೆ ಮುಂದಿನ ಅಧ್ಯಾಯಗಳ ಎಣಿಕೆ ಕೆಡುತ್ತಿದೆ. ಮುದ್ರಣದ ಕಿಟಕಿಯಲ್ಲಿ ಪುಟಸಂಖ್ಯೆ ಕೊಟ್ಟರೆ ಅಂಥ ಪುಟವೇ ಇಲ್ಲ ಅನ್ನುತ್ತದೆ. ಎಲ್ಲಿಂದ ಶುರುಮಾಡಲಿ?

ಬಲಪುಟ

ಮೊದಲು ಎಣಿಕೆ, ಆಮೇಲೆ ಉಲ್ಲೇಖ. ಎಣಿಕೆ ಗಟ್ಟಿಯಾಗದೆ ಉಲ್ಲೇಖ ಹಾಕಿದರೆ ಎರಡನ್ನೂ ಮತ್ತೆ ಮಾಡಬೇಕಾಗುತ್ತದೆ.

ಬುಕ್‌ನಲ್ಲಿ ಪುಟದ ಎಣಿಕೆ ಕೆಡುವುದಕ್ಕೆ ಸಾಮಾನ್ಯ ಕಾರಣ ಒಂದೇ. ಯಾವುದೋ ಅಧ್ಯಾಯದ ಫೈಲಿನಲ್ಲಿ ‘ನಂಬರಿಂಗ್ ಅಂಡ್ ಸೆಕ್ಷನ್ ಆಪ್ಷನ್ಸ್’ ತೆರೆದು ಯಾರೋ ‘ಇಂಥ ಸಂಖ್ಯೆಯಿಂದ ಶುರು’ ಎಂದು ಕೊಟ್ಟಿರುತ್ತಾರೆ. ಹಾಗೆ ಕೊಟ್ಟ ಫೈಲು ಬುಕ್‌ನ ಮಾತು ಕೇಳುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಎರಡೇ ಕಡೆ ಆ ಆಯ್ಕೆ ಇರಬೇಕು: ಮುನ್ನುಡಿ, ಪರಿವಿಡಿ ಇರುವ ಫೈಲಿನ ಮೊದಲ ಪುಟದಲ್ಲಿ ರೋಮನ್ ಶೈಲಿಯಲ್ಲಿ 1, ಮೊದಲ ಅಧ್ಯಾಯದ ಮೊದಲ ಪುಟದಲ್ಲಿ ಸಾಮಾನ್ಯ ಅಂಕಿಯಲ್ಲಿ 1. ಉಳಿದ ಹದಿಮೂರರಲ್ಲೂ ‘ಆಟೊಮ್ಯಾಟಿಕ್ ಪೇಜ್ ನಂಬರಿಂಗ್’ ಇರಲಿ. ಬುಕ್ ಪ್ಯಾನೆಲಿನಲ್ಲಿ ‘ಮುಂದಿನ ಬೆಸ ಪುಟದಿಂದ ಶುರು’ ಆಯ್ಕೆ ಇದೆ, ಬೇಕಾದ ಕಡೆ ಖಾಲಿ ಪುಟವನ್ನೂ ಅದೇ ಸೇರಿಸುತ್ತದೆ. ಅಧ್ಯಾಯಗಳು ಬಲಪುಟದಲ್ಲೇ ತೆರೆದುಕೊಳ್ಳಬೇಕಿದ್ದರೆ ಅದನ್ನು ಆರಿಸಿ.

ಬೆಸ ಸಂಖ್ಯೆ ಬಲಕ್ಕೆ, ಸಮ ಸಂಖ್ಯೆ ಎಡಕ್ಕೆ. ಎದುರುಬದುರು ಪುಟಗಳ ಕಡತದಲ್ಲಿ ತಂತ್ರಾಂಶವೂ ಇದನ್ನೇ ನಂಬಿ ನಡೆಯುತ್ತದೆ. ಹಾಗಾಗಿ ಅಧ್ಯಾಯವನ್ನು ಸಮ ಸಂಖ್ಯೆಯಿಂದ ಶುರುಮಾಡಿದರೆ ಮೊದಲ ಪುಟ ಎಡಕ್ಕೆ ಹೋಗುತ್ತದೆ, ಅದರ ಹಿಂದೆ ಇಡೀ ಅಧ್ಯಾಯದ ಜೋಡಿಗಳು ಬದಲಾಗುತ್ತವೆ. ಒಳ ಅಂಚು, ಹೊರ ಅಂಚು ಅದಲುಬದಲಾದಂತೆ ಕಂಡರೆ ಮೊದಲು ಇಲ್ಲಿ ನೋಡಿ.

ಮುದ್ರಣದ ಕಿಟಕಿಯ ತೊಂದರೆ ಬೇರೆ. ಕಡತದಲ್ಲಿ ಸೆಕ್ಷನ್ (ತನ್ನದೇ ಎಣಿಕೆಯಿರುವ ಭಾಗ) ಇದ್ದಾಗ ತಂತ್ರಾಂಶ ಕೇಳುವುದು ಪುಟದ ಮೇಲೆ ಅಚ್ಚಾಗುವ ಸಂಖ್ಯೆಯನ್ನು. ಆರನೇ ಅಧ್ಯಾಯ 121ರಿಂದ ಶುರುವಾಗುತ್ತದೆ ಎಂದುಕೊಳ್ಳಿ. ಆ ಫೈಲಿನಲ್ಲಿ 1 ಎಂದು ಕೊಟ್ಟರೆ ಅದಕ್ಕೆ ಅಂಥ ಪುಟ ಗೊತ್ತಿಲ್ಲ. ಸಂಖ್ಯೆಯ ಹಿಂದೆ ಕೂಡುವ ಚಿಹ್ನೆ ಹಾಕಿ, +1 ಎಂದು ಕೊಡಿ. ಫೈಲಿನ ಮೊದಲ ಪುಟ ಎಂದು ಅರ್ಥಮಾಡಿಕೊಳ್ಳುತ್ತದೆ.

ಅಚ್ಚುಮೊಳೆ

ಬಲಪುಟ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೆಸರುಪುಟ, ಹಕ್ಕುಪುಟ, ಖಾಲಿ ಪುಟ, ಇವು ಎಣಿಕೆಯಲ್ಲಿ ಸೇರಬೇಕು, ಸಂಖ್ಯೆ ಮಾತ್ರ ಅಚ್ಚಾಗಬಾರದು. ಅದಕ್ಕಾಗಿ ಆ ಪುಟಕ್ಕೆ ಸಂಖ್ಯೆಯಿಲ್ಲದ ಇನ್ನೊಂದು ಮಾಸ್ಟರ್ ಪೇಜ್ ಕೊಡಿ (ಪುಟಗಳಿಗೆ ಹಚ್ಚುವ ಮಾದರಿ ಪುಟ; ಹೊಸ ಆವೃತ್ತಿಗಳಲ್ಲಿ ಇದನ್ನು ಪೇರೆಂಟ್ ಪೇಜ್ ಎನ್ನುತ್ತಾರೆ). ಸಂಖ್ಯೆಯ ಮೇಲೆ ಬಿಳಿ ಚೌಕ ಮುಚ್ಚಿಟ್ಟ ಕಡತಗಳನ್ನು ನಾನು ಕೈಗೆತ್ತಿಕೊಂಡಿದ್ದೇನೆ. ಪಠ್ಯ ಸರಿದರೂ ಚೌಕ ಸರಿಯುವುದಿಲ್ಲ, ಬೇರೆ ಪುಟದ ಸಾಲುಗಳನ್ನು ನುಂಗುತ್ತದೆ.

ಮುಂಭಾಗಕ್ಕೆ ರೋಮನ್ ಅಂಕಿ ಯಾಕೆ ಎಂದು ಹೊಸಬರು ಕೇಳುತ್ತಾರೆ. ಮುನ್ನುಡಿ, ಪರಿವಿಡಿ, ಅರಿಕೆ ಕೊನೆಗೆ ಸಿದ್ಧವಾಗುವವು. ಒಳಪುಟಗಳ ಎಣಿಕೆ ಅವುಗಳಿಗೆ ಕಾಯಬಾರದು. ಮುನ್ನುಡಿ ನಾಲ್ಕು ಪುಟ ಬೆಳೆದರೂ ಮೊದಲ ಅಧ್ಯಾಯ 1ರಲ್ಲೇ ಇರುತ್ತದೆ, ಪದಸೂಚಿ ಕೆಡುವುದಿಲ್ಲ. ಮೊಳೆ ಜೋಡಿಸುತ್ತಿದ್ದ ಕಾಲದ ಈ ಉಪಾಯ ಇವತ್ತಿನ ತಂತ್ರಾಂಶಕ್ಕೂ ಹೊಂದುತ್ತದೆ.

ಹೊಸಕರಡು

ಬಲಪುಟ ಸರ್, ಎಣಿಕೆ ಸರಿಹೋಯಿತು. ಒಂಬತ್ತನೇ ಅಧ್ಯಾಯದಲ್ಲಿ ‘1ರಿಂದ ಶುರು’ ಎಂದು ಉಳಿದಿತ್ತು. +1 ಕೂಡ ಕೆಲಸ ಮಾಡಿತು.

ಈಗ ಉಲ್ಲೇಖ. ಹಳದಿ ತ್ರಿಕೋನಗಳು ‘ಅಪ್‌ಡೇಟ್’ ಒತ್ತಿದರೆ ಹೋಗುತ್ತಿವೆ, ಕೆಂಪು ಬಾವುಟ ಹೋಗುತ್ತಿಲ್ಲ. ತಲೆಬರಹ ಕಣ್ಣೆದುರಿಗೇ ಇದೆ, ಆದರೂ ‘ಸಿಗುತ್ತಿಲ್ಲ’ ಎನ್ನುತ್ತದೆ.

ಬಲಪುಟ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಒಮ್ಮೆ ತಿಳಿದರೆ ಮುಂದೆ ಭಯವಿರುವುದಿಲ್ಲ.

ಇನ್‌ಡಿಸೈನ್‌ಗೆ ಅಡ್ಡ ಉಲ್ಲೇಖ ಬಂದದ್ದು 2008ರ ಸಿಎಸ್4 ಆವೃತ್ತಿಯಲ್ಲಿ. ನೀವು ‘ಪ್ಯಾರಾಗ್ರಾಫ್’ ಆರಿಸಿ ಒಂದು ತಲೆಬರಹಕ್ಕೆ ಉಲ್ಲೇಖ ಕೊಟ್ಟಾಗ ತಂತ್ರಾಂಶ ಆ ತಲೆಬರಹದ ಅಕ್ಷರಗಳನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆ ಪ್ಯಾರಾದ ಶುರುವಿನಲ್ಲಿ ಕಣ್ಣಿಗೆ ಕಾಣದ ಒಂದು ಗುರುತನ್ನು ನೆಡುತ್ತದೆ. ‘ಶೋ ಹಿಡನ್ ಕ್ಯಾರೆಕ್ಟರ್ಸ್’ ಆನ್ ಮಾಡಿದರೆ ಕಾಣುತ್ತದೆ, ಬರಿಯ ಪಠ್ಯ ತೋರಿಸುವ ಸ್ಟೋರಿ ಎಡಿಟರ್‌ನಲ್ಲಿ ಇನ್ನೂ ಸ್ಪಷ್ಟ. ಉಲ್ಲೇಖ ಹೋಗಿ ಸೇರುವುದು ಆ ಗುರುತಿಗೆ. ತಿದ್ದುವವರು ತಲೆಬರಹವನ್ನು ಪೂರ್ತಿ ಆರಿಸಿ, ಅಳಿಸಿ, ಹೊಸದಾಗಿ ಪೇಸ್ಟ್ ಮಾಡಿದರೆ ಅಕ್ಷರಗಳ ಜೊತೆ ಗುರುತೂ ಹೋಯಿತು. ಹೊಸ ತಲೆಬರಹ ಅದೇ ಮಾತಾಗಿದ್ದರೂ ತಂತ್ರಾಂಶಕ್ಕೆ ಅಪರಿಚಿತ. ನಿಮ್ಮ ಕೆಂಪು ಬಾವುಟಗಳಲ್ಲಿ ಬಹುಪಾಲು ಇವೇ ಇರಬೇಕು. ಅಂಥ ಉಲ್ಲೇಖವನ್ನು ತೆರೆದು ಗುರಿಯನ್ನು ಮತ್ತೆ ತೋರಿಸಿಕೊಡಬೇಕು, ಬೇರೆ ದಾರಿಯಿಲ್ಲ. ಮುಂದೆ ತಲೆಬರಹ ತಿದ್ದುವಾಗ ಮೊದಲ ಅಕ್ಷರದ ಹಿಂದಿನ ಗುರುತನ್ನು ಉಳಿಸಿಕೊಂಡು ಅದರಾಚೆಯಿಂದ ತಿದ್ದಿ. ಕರಡು ತಿದ್ದುವವರಿಗೂ ಇದನ್ನು ಹೇಳಿ.

ಕೆಂಪು ಬಾವುಟಕ್ಕೆ ಎರಡನೇ ಕಾರಣ, ಗುರಿಯಿರುವ ಅಧ್ಯಾಯದ ಫೈಲಿನ ಹೆಸರು ಅಥವಾ ಜಾಗ ಬದಲಾಗಿರುವುದು. ‘ಅಧ್ಯಾಯ 5 ಹೊಸದು’, ‘ಅಧ್ಯಾಯ 5 ಕೊನೆಯದು’ ಎಂದು ಹೆಸರು ಬದಲಿಸುತ್ತಾ ಹೋದರೆ ಉಲ್ಲೇಖಗಳು ಹಳೆಯ ಫೈಲನ್ನೇ ಹುಡುಕುತ್ತವೆ. ಅದಕ್ಕೆ ‘ರಿಲಿಂಕ್’ ಇದೆ. ಆದರೆ ಮೊದಲ ದಿನ ಇಟ್ಟ ಹೆಸರನ್ನು ಕೊನೆಯವರೆಗೆ ಉಳಿಸಿಕೊಂಡು ಹಳೆಯ ಪ್ರತಿಗಳನ್ನು ಬೇರೆ ಫೋಲ್ಡರಿಗೆ ಹಾಕುವುದು ನೆಮ್ಮದಿ.

ಚೌಕಟ್ಟಿನಿಂದ ಹೊರಗೆ ಉಕ್ಕಿದ ಪಠ್ಯದಲ್ಲಿ ಗುರಿ ಸಿಕ್ಕಿಕೊಂಡಿದ್ದರೆ ಅದಕ್ಕೆ ಪುಟವೇ ಇರುವುದಿಲ್ಲ. ಪ್ಯಾನೆಲಿನಲ್ಲಿ ಅದಕ್ಕೆ ಬೇರೆಯೇ ಗುರುತು ತೋರಿಸುತ್ತದೆ.

ತಲೆಬರಹಕ್ಕಲ್ಲದೆ ಪ್ಯಾರಾದ ನಡುವಿನ ಒಂದು ಮಾತಿಗೆ ಉಲ್ಲೇಖ ಕೊಡಬೇಕಾದರೆ ‘ಟೆಕ್ಸ್ಟ್ ಆಂಕರ್’ (ಬೇಕಾದ ಮಾತಿನ ಜಾಗದಲ್ಲಿ ನಾವೇ ನೆಡುವ ಗುರುತು) ಬಳಸಿ. ಎರಡು ಪುಟಕ್ಕೆ ಹರಡಿದ ಉದ್ದದ ಪ್ಯಾರಾ ಆದರೆ ಇದು ಬೇಕೇ ಬೇಕು. ಪ್ಯಾರಾಗೆ ಕೊಟ್ಟ ಉಲ್ಲೇಖ ಅದು ಶುರುವಾದ ಪುಟವನ್ನೇ ಹೇಳುತ್ತದೆ, ನಿಮ್ಮ ಮಾತು ಮುಂದಿನ ಪುಟದಲ್ಲಿರಬಹುದು.

ಹಂಸಪಾದ

ನಾನು ಕರಡು ತಿದ್ದುವವಳು, ತಂತ್ರಾಂಶದ ಒಳಗು ಅಷ್ಟು ಗೊತ್ತಿಲ್ಲ. ಆದರೆ ಕನ್ನಡದ ವಾಕ್ಯದೊಳಗೆ ಈ ಉಲ್ಲೇಖಗಳು ಕೂರುವ ಬಗೆ ನೋಡಿ ಬಹಳ ಸಲ ಬೇಸರಪಟ್ಟಿದ್ದೇನೆ. ಆ ಮಾತು ಇಲ್ಲಿ ಬರಬೇಕು.

ಸಂಖ್ಯೆಯ ವಿಷಯದಲ್ಲಿ ನಮ್ಮ ಭಾಷೆ ಉದಾರಿ. 1ನೇ, 2ನೇ, 45ನೇ, 300ನೇ, ಎಲ್ಲಕ್ಕೂ ಒಂದೇ ‘ನೇ’. ವಿಭಕ್ತಿಯೂ ಹಾಗೆಯೇ: ಒಂದರಲ್ಲಿ, ಐದರಲ್ಲಿ, ಇಪ್ಪತ್ತರಲ್ಲಿ, ನೂರರಲ್ಲಿ. ಸಂಖ್ಯೆ 12ರಿಂದ 118 ಆದರೂ ‘ರಲ್ಲಿ’, ‘ಕ್ಕೆ’ ಬದಲಾಗುವುದಿಲ್ಲ. ಸಾವಿರ ಬಂದಾಗ ಮಾತ್ರ ‘ಸಾವಿರದಲ್ಲಿ’ ಆಗುತ್ತದೆ. ಸಾವಿರ ಪುಟ ಮುಟ್ಟುವ ಪುಸ್ತಕ ಅಪರೂಪ. ಹಾಗಾಗಿ ತಾನಾಗಿ ಬದಲಾಗುವ ಸಂಖ್ಯೆಗೆ ‘ನೇ ಪುಟದಲ್ಲಿ’ ಎಂದು ಧೈರ್ಯವಾಗಿ ಅಂಟಿಸಬಹುದು.

ಕಷ್ಟ ಬರುವುದು ತಲೆಬರಹದ ಹೆಸರನ್ನೇ ಉಲ್ಲೇಖವಾಗಿ ತಂದಾಗ. ಅಧ್ಯಾಯದ ಹೆಸರು ‘ಮಣ್ಣು’ ಎಂದಿದ್ದಾಗ ‘ಮಣ್ಣಿನಲ್ಲಿ ನೋಡಿ’ ಆಗುತ್ತದೆ, ‘ಬೆಳೆ’ ಇದ್ದರೆ ‘ಬೆಳೆಯಲ್ಲಿ’, ‘ಮರ’ ಇದ್ದರೆ ‘ಮರದಲ್ಲಿ’. ಉಲ್ಲೇಖದ ಕೊನೆಗೆ ‘ಯಲ್ಲಿ’ ಎಂದು ಟೈಪ್ ಮಾಡಿಟ್ಟಿದ್ದರೆ, ನಾಳೆ ಲೇಖಕರು ಹೆಸರು ಬದಲಿಸಿದ ದಿನ ‘ಮರಯಲ್ಲಿ’ ಎಂದು ಅಚ್ಚಾಗುತ್ತದೆ. ತಂತ್ರಾಂಶಕ್ಕೆ ಸಂಧಿ ಗೊತ್ತಿಲ್ಲ. ಆದ್ದರಿಂದ ಹೆಸರಿಗೆ ಪ್ರತ್ಯಯ ಅಂಟಿಸಬೇಡಿ. ‘“ಮಣ್ಣು” ಎಂಬ ಅಧ್ಯಾಯದಲ್ಲಿ’, ‘“ಬೆಳೆ” ಎಂಬ ಭಾಗಕ್ಕೆ’ ಎಂದು ಪಕ್ಕದಲ್ಲಿ ಬದಲಾಗದ ಒಂದು ನಾಮಪದ ನಿಲ್ಲಿಸಿ, ವಿಭಕ್ತಿಯ ಭಾರ ಅದು ಹೊರಲಿ. ‘ಎಂಬ ಅಧ್ಯಾಯ’ ಎಂಬುದನ್ನು ಕ್ರಾಸ್ ರೆಫರೆನ್ಸಿನ ಫಾರ್ಮ್ಯಾಟಿನೊಳಗೇ ಬರೆದಿಡಲು ಬರುತ್ತದಂತೆ, ಬಲಪುಟ ಅವರು ಹೇಳಲಿ.

ಇನ್ನೊಂದು ವಿನಂತಿ. ‘ಮೇಲಿನ ಚಿತ್ರ’, ‘ಎದುರಿನ ಪುಟದ ಪಟ್ಟಿ’ ಎಂದು ಬರೆಯಬೇಡಿ. ಮೂರನೇ ಕರಡಿನ ಹೊತ್ತಿಗೆ ಆ ಚಿತ್ರ ಮೇಲೆಯೂ ಇರುವುದಿಲ್ಲ, ಎದುರಿಗೂ ಇರುವುದಿಲ್ಲ. ಅದನ್ನು ಯಾವ ಪ್ಯಾನೆಲೂ ತೋರಿಸಿಕೊಡುವುದಿಲ್ಲ. ಓದಿಯೇ ಹಿಡಿಯಬೇಕು.

ಬಲಪುಟ

ಹಂಸಪಾದ ಮೇಡಂ, ನಮಸ್ಕಾರ. ನೀವು ಹೇಳಿದ್ದು ಪೂರ್ತಿ ನಿಜ. ಫಾರ್ಮ್ಯಾಟ್ ಎಂದರೆ ಅಚ್ಚು. ಅದರಲ್ಲಿ ‘ಪುಟಸಂಖ್ಯೆ’, ‘ಪ್ಯಾರಾದ ಪಠ್ಯ’, ‘ಪ್ಯಾರಾದ ಸಂಖ್ಯೆ’ ಎಂಬ ತುಂಡುಗಳಿರುತ್ತವೆ, ಅವುಗಳ ನಡುವೆ ನಮ್ಮ ಮಾತು ಬರೆಯಬಹುದು. ಮೊದಲೇ ಇರುವ ಫಾರ್ಮ್ಯಾಟ್‌ಗಳು ಇಂಗ್ಲಿಷ್ ವಾಕ್ಯಕ್ಕೆ ಹೊಂದುವಂಥವು, ‘ಪುಟದ ಮೇಲೆ 45’ ಎಂಬ ಕ್ರಮದಲ್ಲಿ ಬರುತ್ತವೆ. ಅವನ್ನು ಮುಟ್ಟದೆ ಹೊಸದಾಗಿ ಎರಡು ಮಾಡಿಕೊಳ್ಳಿ. ಒಂದು, ಸಂಖ್ಯೆ ಮತ್ತು ‘ನೇ ಪುಟ’. ಇನ್ನೊಂದು, ಉದ್ಧರಣ ಚಿಹ್ನೆಯೊಳಗೆ ತಲೆಬರಹ, ‘ಎಂಬ ಭಾಗ’, ಕಂಸದಲ್ಲಿ ಪುಟ. ನಾಳೆ ‘ನೇ’ ಬೇಡ, ‘ನೆಯ’ ಬೇಕು ಎಂದರೂ ಫಾರ್ಮ್ಯಾಟ್ ಒಂದನ್ನು ತಿದ್ದಿದರೆ ಸಾಕು.

ಹೊಸಕರಡು

ಮೇಡಂ, ‘ಯಲ್ಲಿ’ ವಿಷಯ ನನ್ನ ಪುಸ್ತಕದಲ್ಲಿ ಈಗಾಗಲೇ ಎರಡು ಕಡೆ ಆಗಿದೆ. ನೋಡಿರಲೇ ಇಲ್ಲ. ತುಂಬಾ ಧನ್ಯವಾದ.

ಪುಟಸಂಖ್ಯೆಗಳು ಕನ್ನಡ ಅಂಕಿಯಲ್ಲೇ ಇರಬೇಕು ಎಂದು ಲೇಖಕರ ಆಸೆ. ನಂಬರಿಂಗ್ ಶೈಲಿಯ ಪಟ್ಟಿಯಲ್ಲಿ ೧, ೨, ೩ ಕಾಣುತ್ತಿಲ್ಲ. ಒಂದು ತಲೆಬರಹ ಮಾತ್ರ ಉಲ್ಲೇಖದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತಿದೆ, ಅದೂ ಯಾಕೆಂದು ತಿಳಿಯುತ್ತಿಲ್ಲ.

ಅಚ್ಚುಮೊಳೆ

ಎರಡನೆಯದು ಮೊದಲು. ಆ ತಲೆಬರಹ ಹಳೆಯ ಆಸ್ಕಿ ಫಾಂಟಿನಲ್ಲಿರಬೇಕು. ಆ ಫಾಂಟುಗಳಲ್ಲಿ ಒಳಗಿರುವ ಸಂಕೇತ ಇಂಗ್ಲಿಷ್ ಅಕ್ಷರದ್ದು, ಕಾಣುವ ಚಿತ್ರ ಮಾತ್ರ ಕನ್ನಡ. ಉಲ್ಲೇಖ ಎಳೆದು ತರುವುದು ಸಂಕೇತವನ್ನು. ಅದು ಯುನಿಕೋಡ್ (ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತವಿರುವ) ಫಾಂಟಿನ ಸಾಲಿಗೆ ಬಂದು ಬಿದ್ದಾಗ ಒಳಗಿದ್ದದ್ದು ಹೊರಗೆ ಕಾಣುತ್ತದೆ. ಪರಿವಿಡಿಯಲ್ಲೂ ಪದಸೂಚಿಯಲ್ಲೂ ಹೀಗೇ ಆಗುತ್ತದೆ. ಆ ತಲೆಬರಹವನ್ನು ಯುನಿಕೋಡಿಗೆ ಪರಿವರ್ತಿಸಿ. ಉಲ್ಲೇಖಕ್ಕೂ ಆ ಹಳೆಯ ಫಾಂಟನ್ನೇ ಹಚ್ಚಿ ತಪ್ಪನ್ನು ಮುಚ್ಚುವ ದಾರಿಗೆ ಹೋಗಬೇಡಿ.

ಕನ್ನಡ ಅಂಕಿಗೆ ದಾರಿಯಿದೆ. ನಂಬರಿಂಗ್ ಶೈಲಿಯಲ್ಲಿ ಹುಡುಕಬೇಡಿ, ಅಕ್ಷರದ ಗುಣದಲ್ಲಿ ಹುಡುಕಿ. ಇನ್‌ಡಿಸೈನ್‌ನ ಕ್ಯಾರೆಕ್ಟರ್ ಸ್ಟೈಲಿನಲ್ಲಿ ‘ಡಿಜಿಟ್ಸ್’ ಎಂಬ ಆಯ್ಕೆ ಇದೆ, ಅದರ ಪಟ್ಟಿಯಲ್ಲಿ ಕನ್ನಡವೂ ಇದೆ. ‘ಕನ್ನಡ ಅಂಕಿ’ ಎಂದು ಒಂದು ಕ್ಯಾರೆಕ್ಟರ್ ಸ್ಟೈಲ್ ಮಾಡಿ ಮಾಸ್ಟರ್ ಪುಟದ ಸಂಖ್ಯೆಗೆ ಹಚ್ಚಿ. ಉಲ್ಲೇಖದ ಫಾರ್ಮ್ಯಾಟಿನಲ್ಲೂ ಪುಟಸಂಖ್ಯೆಯ ತುಂಡಿಗೆ ಅದೇ ಸ್ಟೈಲ್ ಸುತ್ತಿಸಬಹುದು. ಪರಿವಿಡಿಗೂ ಪುಟಸಂಖ್ಯೆಗೆ ಬೇರೆ ಸ್ಟೈಲ್ ಕೊಡುವ ಜಾಗ ಇದೆ. ಈ ಮೂರರಲ್ಲಿ ಒಂದನ್ನು ಮರೆತರೂ ಪುಟದ ಕೆಳಗೆ ೪೫, ಪರಿವಿಡಿಯಲ್ಲಿ 45 ಎಂದು ಬೆರೆತುಹೋಗುತ್ತದೆ. ಓದುಗರ ಕಣ್ಣಿಗೆ ಅದು ತಪ್ಪದೆ ಬೀಳುತ್ತದೆ.

ಎರಡುಸಲ

ತಡವಾಗಿ ಬಂದೆ. ನಾನು ಲೇಟೆಕ್ ಬಳಸುವವನು (ಪಠ್ಯದ ನಡುವೆ ಆಜ್ಞೆಗಳನ್ನು ಬರೆದು ಓಡಿಸಿದರೆ ಪುಟ ಕಟ್ಟಿಕೊಡುವ ತಂತ್ರಾಂಶ). ಅಲ್ಲಿಯ ಅನುಭವ ಇಲ್ಲಿಗೂ ಉಪಯೋಗಕ್ಕೆ ಬರುತ್ತದೆ ಎನಿಸಿತು.

ಲೇಟೆಕ್‌ನಲ್ಲಿ ಗುರಿಯ ಜಾಗದಲ್ಲಿ ‘ಲೇಬಲ್’ ಇಡುತ್ತೇವೆ, ಬೇಕಾದ ಕಡೆ ‘ಪೇಜ್‌ರೆಫ್’ ಎಂದು ಕರೆಯುತ್ತೇವೆ. ಮೊದಲ ಸಲ ಓಡಿಸಿದಾಗ ಸಂಖ್ಯೆಯ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಬರುತ್ತವೆ. ಆ ಓಟದಲ್ಲಿ ಲೇಬಲ್‌ಗಳ ಪುಟಗಳು ಒಂದು ಸಹಾಯಕ ಕಡತದಲ್ಲಿ ದಾಖಲಾಗುತ್ತವೆ, ಎರಡನೇ ಓಟದಲ್ಲಿ ಅಲ್ಲಿಂದ ಓದಿ ತುಂಬುತ್ತದೆ. ನನ್ನ ಹೆಸರು ಬಂದದ್ದು ಅಲ್ಲಿಂದಲೇ. ಎರಡನೇ ಓಟದ ಕೊನೆಗೂ ಕೆಲವೊಮ್ಮೆ ‘ಲೇಬಲ್‌ಗಳು ಬದಲಾಗಿರಬಹುದು, ಮತ್ತೆ ಓಡಿಸಿ’ ಎಂಬ ಎಚ್ಚರಿಕೆ ಬರುತ್ತದೆ. ಯಾಕೆ? ಪ್ರಶ್ನಾರ್ಥಕ ಚಿಹ್ನೆಯ ಜಾಗಕ್ಕೆ 118 ಬಂದು ಸಾಲು ಉದ್ದವಾಯಿತು, ಒಂದು ಪದ ಕೆಳಗಿನ ಸಾಲಿಗೆ ಇಳಿಯಿತು, ಪ್ಯಾರಾ ಒಂದು ಸಾಲು ಬೆಳೆಯಿತು, ಕೊನೆಯ ತಲೆಬರಹ ಮುಂದಿನ ಪುಟಕ್ಕೆ ಹೋಯಿತು. ಅದರ ಪುಟ ಈಗ 119.

ಅಪರೂಪಕ್ಕೆ ಇದು ಎಂದೂ ನಿಲ್ಲುವುದಿಲ್ಲ. ‘ಮುಂದಿನ ಪುಟದಲ್ಲಿ’ ಎಂದು ತಾನೇ ಬರೆಯುವ ಪ್ಯಾಕೇಜುಗಳು (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಲಕರಣೆಗಳು) ಇವೆ. ಆ ಮಾತು ಉದ್ದವಾದ್ದರಿಂದ ಗುರಿ ಮುಂದಿನ ಪುಟಕ್ಕೆ ಸರಿಯುತ್ತದೆ, ಸರಿದ ಕೂಡಲೇ ಮಾತು ಬದಲಾಗಿ ಗಿಡ್ಡವಾಗುತ್ತದೆ, ಗುರಿ ಹಿಂದಕ್ಕೆ ಬರುತ್ತದೆ. ಎಷ್ಟು ಸಲ ಓಡಿಸಿದರೂ ಎರಡರ ನಡುವೆ ಜೋಕಾಲಿ. ಆಗ ಲೇಖಕ ಅಥವಾ ಪುಟ ಕಟ್ಟುವವರು ಅಲ್ಲೊಂದು ವಾಕ್ಯ ತಿದ್ದಲೇಬೇಕು.

ಇನ್‌ಡಿಸೈನ್‌ನಲ್ಲೂ ಕಥೆ ಇದೇ, ಎಚ್ಚರಿಕೆ ಮಾತ್ರ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ. 99 ಇದ್ದದ್ದು 100 ಆದರೆ ಸಾಲು ಒಂದು ಅಂಕಿಯಷ್ಟು ಬೆಳೆಯುತ್ತದೆ. ಹಾಗಾಗಿ ಒಮ್ಮೆ ಅಪ್‌ಡೇಟ್ ಮಾಡಿ ಮುಗಿಯಿತು ಎಂದುಕೊಳ್ಳಬೇಡಿ. ಮತ್ತೊಮ್ಮೆ ಮಾಡಿ, ಯಾವುದೂ ಬದಲಾಗಲಿಲ್ಲ ಎಂದು ಕಂಡ ಮೇಲೆ ನಂಬಿ.

ಗೆರೆಪಟ್ಟಿ

ಸ್ಕ್ರೈಬಸ್ ಎಂಬ ಇನ್ನೊಂದು ಪುಟವಿನ್ಯಾಸ ತಂತ್ರಾಂಶ ಬಳಸುವವರು ಇದ್ದರೆ: ಪುಟಸಂಖ್ಯೆಯ ಅಕ್ಷರ ‘ಇನ್ಸರ್ಟ್’ ಪಟ್ಟಿಯಲ್ಲಿದೆ, ರೋಮನ್ ಮತ್ತು ಸಾಮಾನ್ಯ ಅಂಕಿಯ ವಿಂಗಡಣೆ ‘ಡಾಕ್ಯುಮೆಂಟ್ ಸೆಟಪ್’ನ ಸೆಕ್ಷನ್ಸ್‌ನಲ್ಲಿ. 1.4 ಸರಣಿಯಲ್ಲಿ ಅಡ್ಡ ಉಲ್ಲೇಖ ಇರಲಿಲ್ಲ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ‘ಮಾರ್ಕ್ಸ್’ ಇದೆ. ಗುರಿಯಲ್ಲಿ ಆಂಕರ್ ಮಾರ್ಕ್ ಇಟ್ಟು ಇನ್ನೊಂದು ಮಾರ್ಕ್‌ನಿಂದ ಅದರ ಪುಟ ಕರೆಯಬಹುದು.

ಲಿಬ್ರೆಆಫೀಸ್ ರೈಟರ್‌ನಲ್ಲಿ ಪುಸ್ತಕ ಕಟ್ಟುವವರಿಗೂ ಒಂದು ಮಾತು. ಪುಟಸಂಖ್ಯೆಯ ಫೀಲ್ಡಿನಲ್ಲಿ ‘ಆಫ್‌ಸೆಟ್’ ಎಂಬ ಪೆಟ್ಟಿಗೆ ಇದೆ. ಎಣಿಕೆ ಹೆಚ್ಚುಕಡಿಮೆ ಮಾಡಲು ಅದೇ ಇರುವುದು ಎಂದುಕೊಂಡು ಅಲ್ಲಿ 4 ಎಂದು ಕೊಟ್ಟರೆ ಕಡತದ ಕೊನೆಯ ನಾಲ್ಕು ಪುಟಗಳಲ್ಲಿ ಸಂಖ್ಯೆಯೇ ಮಾಯ. ಆ ಪೆಟ್ಟಿಗೆ ಕೇಳುತ್ತಿರುವುದು ‘ಇಲ್ಲಿಂದ ನಾಲ್ಕು ಪುಟ ಮುಂದಿನ ಪುಟದ ಸಂಖ್ಯೆ’ಯನ್ನು. ಅಂಥ ಪುಟ ಇಲ್ಲದಿದ್ದರೆ ಖಾಲಿ ಬಿಡುತ್ತದೆ. ಎಣಿಕೆಯನ್ನು ಹೊಸದಾಗಿ ಶುರುಮಾಡಲು ಪುಟ ಮುರಿಯುವಾಗ ಹೊಸ ಪೇಜ್ ಸ್ಟೈಲ್ ಕೊಟ್ಟು ಅಲ್ಲೇ ಶುರುವಿನ ಸಂಖ್ಯೆ ಹೇಳಬೇಕು.

ಹಂಸಪಾದ

ಒಂದು ಭಿನ್ನಾಭಿಪ್ರಾಯ ಇಡುತ್ತೇನೆ. ಎಪ್ಪತ್ತು ಕಡೆ ಪುಟಸಂಖ್ಯೆ ಬೇಕೇ? ‘ಭಾಗ 3.2 ನೋಡಿ’ ಎಂದರೆ ಪುಟ ಹೆಚ್ಚಲಿ ಕಡಿಮೆಯಾಗಲಿ, ಎರಡನೇ ಮುದ್ರಣ ಬೇರೆ ಗಾತ್ರದಲ್ಲಿ ಬರಲಿ, ಉಲ್ಲೇಖ ಉಳಿಯುತ್ತದೆ. ಇ-ಪುಸ್ತಕದಲ್ಲಂತೂ ಅಕ್ಷರದ ಗಾತ್ರ ಬದಲಿಸಿದರೆ ಪುಟವೇ ಬದಲಾಗುತ್ತದೆ, ‘45ನೇ ಪುಟ’ ಎಂದರೆ ಯಾವ 45?

ಅಚ್ಚುಮೊಳೆ

ಮೇಡಂ, ಇ-ಪುಸ್ತಕದ ಮಾತು ಒಪ್ಪುತ್ತೇನೆ. ಆದರೆ ಕೈಯಲ್ಲಿ ಕಾಗದದ ಪುಸ್ತಕ ಹಿಡಿದವರು 3.2 ಎಲ್ಲಿದೆ ಎಂದು ತಿಳಿಯಲು ಮೊದಲು ಪರಿವಿಡಿಗೆ ಹೋಗಬೇಕು, ಅಲ್ಲಿ ಪುಟ ನೋಡಿ ಮತ್ತೆ ತಿರುವಬೇಕು. ಎರಡು ಸಲ ಹುಡುಕಾಟ. ಪ್ರತಿ ಪುಟದ ನೆತ್ತಿಯಲ್ಲಿ ಭಾಗದ ಸಂಖ್ಯೆ ಇದ್ದರೆ ನಿಮ್ಮ ಮಾತು ನಡೆಯುತ್ತದೆ, ಬಹಳ ಪುಸ್ತಕಗಳಲ್ಲಿ ಅದು ಇರುವುದಿಲ್ಲ. ಓದುಗರ ಬೆರಳಿಗೆ ನೇರವಾಗಿ ಸಿಗುವುದು ಪುಟಸಂಖ್ಯೆಯೇ.

ಹಂಸಪಾದ

ನೆತ್ತಿಯಲ್ಲಿ ಭಾಗದ ಸಂಖ್ಯೆ ಹಾಕಿಸಿ ಎಂದು ನಾನು ಪ್ರತಿ ಪುಸ್ತಕಕ್ಕೂ ಕೇಳುತ್ತೇನೆ. ಇಲ್ಲದ ಕಡೆ ನಿಮ್ಮ ಮಾತೇ ಸರಿ. ಹಾಗಾದರೆ ದೂರದ ಅಧ್ಯಾಯಕ್ಕೆ ಕೊಡುವ ಉಲ್ಲೇಖಗಳಲ್ಲಿ ಎರಡೂ ಇರಲಿ, ಅದೇ ಅಧ್ಯಾಯದೊಳಗಿನವಕ್ಕೆ ಭಾಗದ ಸಂಖ್ಯೆ ಸಾಕು. ಪಕ್ಕದ ಪ್ಯಾರಾದಲ್ಲೇ ಇರುವುದಕ್ಕೆ ಯಾವುದೂ ಬೇಡ. ಹೊಸಕರಡು ಅವರೇ, ಎಪ್ಪತ್ತನ್ನೂ ಒಮ್ಮೆ ಓದಿ ನೋಡಿ. ಓದುಗರನ್ನು ನಿಜವಾಗಿ ಎಬ್ಬಿಸಿ ಕಳಿಸಬೇಕಾದ ಕಡೆ ಎಷ್ಟಿವೆ ಎಂದು ಎಣಿಸಿ.

ಬಲಪುಟ

ಕೊನೆಯ ಹಂತದ ಕ್ರಮ ಹೇಳಿಬಿಡುತ್ತೇನೆ, ಇದು ತಪ್ಪಿದರೆ ಮೇಲಿನ ಶ್ರಮ ವ್ಯರ್ಥ. ಎಲ್ಲ ಫೈಲುಗಳನ್ನೂ ತೆರೆದಿಟ್ಟುಕೊಳ್ಳಿ. ಬುಕ್ ಪ್ಯಾನೆಲಿನಿಂದ ಮೊದಲು ಪುಟದ ಎಣಿಕೆ, ಆಮೇಲೆ ‘ಅಪ್‌ಡೇಟ್ ಆಲ್ ಕ್ರಾಸ್ ರೆಫರೆನ್ಸಸ್’, ಎರಡುಸಲ ಅವರು ಹೇಳಿದಂತೆ ಮತ್ತೊಮ್ಮೆ ಅದನ್ನೇ, ಆಮೇಲೆ ಪರಿವಿಡಿ, ಎಲ್ಲಕ್ಕೂ ಕೊನೆಗೆ ಪದಸೂಚಿ. ಪರಿವಿಡಿ ತಾನಾಗಿ ಬದಲಾಗುವುದಿಲ್ಲ, ನೀವೇ ಹೇಳಬೇಕು. ಮುದ್ರಣಕ್ಕೆ ಮೊದಲು ತಪ್ಪು ಹುಡುಕಿಕೊಡುವ ಪ್ರಿಫ್ಲೈಟ್‌ನಲ್ಲಿ ‘ಕ್ರಾಸ್ ರೆಫರೆನ್ಸಸ್’ ತಪಾಸಣೆ ಮೊದಲಿಗೆ ಆನ್ ಇಲ್ಲದಿರಬಹುದು. ಆನ್ ಮಾಡಿಕೊಂಡರೆ ಹಳೆಯದಾದದ್ದು, ಗುರಿ ತಪ್ಪಿದ್ದು ಎರಡನ್ನೂ ಪಟ್ಟಿಮಾಡುತ್ತದೆ.

ಪಿಡಿಎಫ್ ಮಾಡುವಾಗ ‘ಹೈಪರ್‌ಲಿಂಕ್ಸ್’ಗೆ ಗುರುತು ಹಾಕಿ ಒಂದು ಪ್ರತಿ ತೆಗೆಯಿರಿ. ಪ್ರತಿ ಉಲ್ಲೇಖದ ಮೇಲೂ ಒತ್ತಿ ನೋಡಿ, ಎಲ್ಲಿಗೆ ಕರೆದೊಯ್ಯುತ್ತದೆ ಮತ್ತು ಆ ಪುಟದ ಕೆಳಗೆ ಯಾವ ಸಂಖ್ಯೆ ಅಚ್ಚಾಗಿದೆ ಎಂದು. ಎಪ್ಪತ್ತು ಉಲ್ಲೇಖಕ್ಕೆ ಅರ್ಧ ಗಂಟೆ ಹಿಡಿಯಬಹುದು. ಪಿಡಿಎಫ್ ತೆರೆಯುವ ತಂತ್ರಾಂಶ ಪುಟಗಳನ್ನು ಎರಡು ಬಗೆಯಲ್ಲಿ ಎಣಿಸಬಲ್ಲದು, ಅಚ್ಚಾದ ಸಂಖ್ಯೆ ಒಂದು, ಕಡತದ ಮೊದಲಿಂದ ಎಣಿಕೆ ಇನ್ನೊಂದು. ಎರಡೂ ಹೊಂದುತ್ತಿಲ್ಲ ಎಂದು ಗಾಬರಿಯಾಗಬೇಡಿ, ಮುಂಭಾಗದ ರೋಮನ್ ಪುಟಗಳಷ್ಟೇ ವ್ಯತ್ಯಾಸ ಇರುತ್ತದೆ.

ಹೊಸಕರಡು

ಎಲ್ಲ ಮಾಡಿದೆ. ಹಂಸಪಾದ ಮೇಡಂ ಹೇಳಿದಂತೆ ಓದಿ ನೋಡಿದಾಗ ಎಪ್ಪತ್ತಮೂರರಲ್ಲಿ ಇಪ್ಪತ್ತೆರಡು ಬೇಡವಾಗಿದ್ದವು, ಲೇಖಕರೂ ಒಪ್ಪಿ ತೆಗೆದರು. ಉಳಿದ ಐವತ್ತೊಂದಕ್ಕೆ ಹೊಸ ಫಾರ್ಮ್ಯಾಟಿನಲ್ಲಿ ಉಲ್ಲೇಖ ಹಾಕಿ ಕನ್ನಡ ಅಂಕಿ ಕೊಟ್ಟೆ. ಎರಡನೇ ಅಪ್‌ಡೇಟ್‌ನಲ್ಲಿ ನಿಜವಾಗಿಯೂ ಒಂದು ಬದಲಾಯಿತು, ೯೯ ಇದ್ದದ್ದು ೧೦೦. ಮೂರನೇ ಸಲ ಏನೂ ಅಲುಗಲಿಲ್ಲ.

ಇವತ್ತು ಬೆಳಿಗ್ಗೆ ಲೇಖಕರು ಏಳನೇ ಅಧ್ಯಾಯಕ್ಕೆ ಇನ್ನೊಂದು ಪುಟ ಕಳಿಸಿದ್ದಾರೆ. ಸೇರಿಸಿ, ಅಪ್‌ಡೇಟ್ ಕೊಟ್ಟು, ಪಿಡಿಎಫ್ ತೆಗೆದು ಒಂದೊಂದೇ ಒತ್ತಿ ನೋಡುತ್ತಿದ್ದೇನೆ. ಮೂವತ್ತರವರೆಗೆ ಬಂದಿದ್ದೇನೆ, ಎಲ್ಲವೂ ಸರಿಯಾದ ಪುಟಕ್ಕೇ ಹೋಗುತ್ತಿವೆ.